ಹೆಣ್ಣುದನಿ ನುಂಗಿದ ಪ್ಲೇಯರ್

ಹಾಡು ತುಂಬಿಸುವ ಅಂಗಡಿ ಅಂತ ಒಂದಿತ್ತು. ಈಗಿನವರಿಗೆ ಹೇಳಿದರೆ ನಗುತ್ತಾರೆ. ಸೀಸೆ ಹಿಡಿದುಕೊಂಡು ಹೋಗಿ ಎಣ್ಣೆ ಹಾಕಿಸಿಕೊಂಡು ಬಂದ ಹಾಗೆ, ಜನ ಬೆಂಕಿಪೊಟ್ಟಣದಷ್ಟಿರುವ ಪ್ಲೇಯರ್ ಹಿಡಿದುಕೊಂಡು ಹೋಗಿ ಹಾಡು ತುಂಬಿಸಿಕೊಂಡು ಬರುತ್ತಿದ್ದರು. ಮೊಬೈಲು ಆಗಲೇ ಜೇಬಿಗೆ ಬಂದಿತ್ತು, ನಿಜ. ಆದರೆ ಪಾಪ, ಅದಕ್ಕೆ ಮಾತಾಡುವುದು ಬಿಟ್ಟು ಬೇರೆ ವಿದ್ಯೆ ಇನ್ನೂ ಬರುತ್ತಿರಲಿಲ್ಲ. ಕ್ಯಾಸೆಟ್ಟಿನ ಕಾಲ ಮುಗಿದಿತ್ತು. ಸಿಕ್ಕಾದ ಟೇಪನ್ನು ಪೆನ್ಸಿಲ್ಲು ತೂರಿಸಿ ತಿರುಗಿಸಿ ತಿರುಗಿಸಿ ಒಳಗೆ ಸೇರಿಸುತ್ತಿದ್ದ ಬೆರಳುಗಳಿಗೆ ಏನು ಮಾಡಬೇಕೋ ತೋಚುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಬಂದ ಆ ಪುಟ್ಟ ವಸ್ತುವಿನ ಮರ್ಯಾದೆ ಏನು, ಗತ್ತೇನು! ನೀಲಿ ಬೆಳಕಿನದೊಂದು ಕಿಟಕಿ, ಅದರಲ್ಲಿ ಸಾಲಾಗಿ ಓಡುತ್ತಾ ಹೋಗುವ ಹಾಡಿನ ಹೆಸರು, ಹೊಟ್ಟೆಯೊಳಗೆ ಒಂದು ಸಣ್ಣ ಬ್ಯಾಟರಿ, ಮತ್ತೆ ಎಷ್ಟು ಜೋಪಾನವಾಗಿ ಸುತ್ತಿಟ್ಟರೂ ಜೇಬಿನೊಳಗೆ ತಾನೇ ಗಂಟು ಹಾಕಿಕೊಳ್ಳುವ ಎರಡೆಳೆ ವೈರು. ಆ ಗಂಟು ಬಿಡಿಸುವಷ್ಟರಲ್ಲಿ ಇಳಿಯುವ ಸ್ಟಾಪು ಬಂದುಬಿಡುತ್ತಿತ್ತು. ಆದರೂ ಅದನ್ನು ಕಿವಿಗೆ ಸಿಕ್ಕಿಸಿಕೊಂಡು ರಸ್ತೆಯಲ್ಲಿ ನಡೆಯುವವನನ್ನು ನೋಡಿದರೆ, ಇವನಿಗೆ ಜೀವನದಲ್ಲಿ ಇನ್ನೇನೂ ಬೇಕಾಗಿಲ್ಲ ಅನ್ನಿಸುತ್ತಿತ್ತು.

ನಮ್ಮ ದೂರಪ್ಪನವರು ಪ್ಲೇಯರ್ ಕೊಂಡದ್ದು ಮಾತ್ರ ಗತ್ತಿಗಲ್ಲ. ಹೆಂಡತಿ ಮನೆ ಬಿಟ್ಟು ಹೋಗದ ಹಾಗೆ ತಡೆಯುವುದಕ್ಕೆ.

ದೂರಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯಲ್ಲಿ ಜನರ ದೂರು ಬರೆದುಕೊಳ್ಳುವ ಗುಮಾಸ್ತರಾದ್ದರಿಂದ ಜನವೇ ಇಟ್ಟದ್ದು. ದೂರು ಹೇಳುವ ಕಿಟಕಿ ಅವರ ಮೇಜಿನ ಬಲಗಡೆಗಿತ್ತು. ಎಂಥ ಕೋಪಿಷ್ಠ ಬಂದು ಕಂಬಿ ಹಿಡಿದು ಅಲ್ಲಾಡಿಸಿ ಕಿರುಚಾಡಿದರೂ ದೂರಪ್ಪನವರ ಮುಖದಲ್ಲಿ ಒಂದು ಗೆರೆ ಬದಲಾಗುತ್ತಿರಲಿಲ್ಲ. ತಣ್ಣಗೆ ತಲೆಯಾಡಿಸುತ್ತಾ 'ನೀರು ಬರುತ್ತಿಲ್ಲ' ಎಂದು ಬರೆದುಕೊಳ್ಳುತ್ತಿದ್ದರು. ಆ ಊರಿನಲ್ಲಿ ಬೇರೆ ದೂರು ಇರುತ್ತಲೂ ಇರಲಿಲ್ಲ ಅನ್ನಿ. ಒಮ್ಮೆ ಮಾತ್ರ ಒಬ್ಬ ಬಂದು, "ಪೈಪು ಒಡೆದು ನೀರು ನಿಲ್ತಾನೇ ಇಲ್ಲ, ಮನೆಯೆಲ್ಲಾ ಹೊಳೆಯಾಗಿದೆ" ಎಂದು ಅರಚಿ ಹೋದ. ಅವನದೂ 'ನೀರು ಬರುತ್ತಿಲ್ಲ' ಎಂದೇ ದಾಖಲಾಯಿತು. ಮರುದಿನ ಇಲಾಖೆಯವರು ಹೋಗಿ ಅವನ ಮನೆಗೆ ಇನ್ನೊಂದು ಪೈಪು ಹಾಕಿ ಬಂದರು.

ಸಾಹೇಬರ ಕೋಣೆಯೂ ಬಲಗಡೆಗೇ. ಸಾಹೇಬರು ಬಾಗಿಲಲ್ಲಿ ನಿಂತು ಬೈದದ್ದಕ್ಕೂ ದೂರಪ್ಪನವರದು ಅದೇ ತಣ್ಣನೆಯ ಮುಖ. "ಈ ಮನುಷ್ಯಂದು ಜಾಣಕಿವುಡು ಕಣ್ರೀ," ಎಂದು ಸಾಹೇಬರು ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದರು. "ಬೇಕಾದ್ದು ಕೇಳಿಸುತ್ತೆ, ಬೇಡದ್ದು ಕೇಳಿಸಲ್ಲ. ನನಗೆ ಬಿಪಿ ಬಂತು, ಈತನಿಗೆ ಒಂದು ನೆಗಡಿ ಕೂಡ ಬರಲ್ಲ."

ಮನೆಯಲ್ಲೂ ಅಷ್ಟೇ. ಕಿಟಕಿಯ ಗಾಳಿ ಬೀಳಲಿ ಎಂದು ದೂರಪ್ಪನವರ ಕುರ್ಚಿ ಎಡಗಡೆಯ ಗೋಡೆಗೆ ಒತ್ತಿಕೊಂಡಿತ್ತು. ಅಡುಗೆಮನೆ ಬಾಗಿಲು ಬಲಕ್ಕೆ. ಅವರ ಹೆಂಡತಿ ಆ ಬಾಗಿಲಲ್ಲಿ ನಿಂತು ಇಪ್ಪತ್ತು ಚಿಲ್ಲರೆ ವರ್ಷ ಸಂಸಾರದ ವಿಷಯವೆಲ್ಲ ಹೇಳಿದ್ದರು. ಮಗಳು ಶಾಲೆಗೆ ಸೇರಿದ್ದು, ಮಗಳಿಗೆ ಗಂಡು ಗೊತ್ತಾದದ್ದು, ಸ್ಟೌ ಕೆಟ್ಟದ್ದು, ಸೊಂಟ ನೋವು ಬಂದದ್ದು. ಉತ್ತರ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. "ಆಯ್ತು, ಈ ಕಿವೀಲಿ ಕೇಳಿ ಆ ಕಿವೀಲಿ ಬಿಟ್ಟುಬಿಡಿ," ಎಂದು ಗೊಣಗಿಕೊಂಡು ಒಳಗೆ ಹೋಗುತ್ತಿದ್ದರು. ದೂರಪ್ಪನವರಿಗೆ ಆ ಗೊಣಗಾಟವೂ ಕೇಳಿಸುತ್ತಿರಲಿಲ್ಲವಾದ್ದರಿಂದ ನಮ್ಮ ಸಂಸಾರ ಬಹಳ ಶಾಂತವಾಗಿದೆ, ನನ್ನವಳು ಮಿತಭಾಷಿ ಎಂದುಕೊಂಡು ಹಾಯಾಗಿದ್ದರು.

ಹಾಯಾಗಿದ್ದ ಜೀವಕ್ಕೆ ಸುದ್ದಿ ಮುಟ್ಟಿಸಿದವರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಅವರ ಕಾಂಪೌಂಡು ಗೋಡೆ ಇತ್ತಲ್ಲ, ಅದು ದೂರಪ್ಪನವರು ನಲ್ಲಿಯ ಹತ್ತಿರ ನಿಂತಾಗ ಎಡಕ್ಕೆ ಬರುತ್ತಿತ್ತು. ಹಾಗಾಗಿ ಪ್ರಪಂಚದಲ್ಲಿ ಮೇಷ್ಟ್ರೊಬ್ಬರು ಮಾತ್ರ, "ದೂರಪ್ಪನಷ್ಟು ಗಮನ ಇಟ್ಟು ಕೇಳೋ ಮನುಷ್ಯ ಇನ್ನೊಬ್ಬನಿಲ್ಲ" ಎಂದು ಸರ್ಟಿಫಿಕೇಟು ಕೊಡುತ್ತಿದ್ದರು.

"ಏನು ದೂರಪ್ಪನೋರೇ, ಮನೆಯವರು ಅಕ್ಕನ ಊರಿಗೆ ಹೊರಟರಂತೆ?"

"ಯಾರ ಮನೆಯವರು ಮೇಷ್ಟ್ರೇ?"

"ನಿಮ್ಮ ಮನೆಯವರೇ. ಈ ಭಾನುವಾರ. ವಾಪಸ್ ಬರೋದು ಅನುಮಾನವಂತೆ. ಅಕ್ಕ ಒಬ್ಬರೇ ಇದ್ದಾರೆ, ಅಲ್ಲಿ ಮಾತಾಡಿದ್ರೆ ಹೂಂ ಅನ್ನೋಕಾದ್ರೂ ಒಂದು ಜೀವ ಇದೆ, ಇಲ್ಲಿ ಗೋಡೆ ಜೊತೆ ಮಾತಾಡಿ ಸಾಕಾಯ್ತು ಅಂದ್ರಂತೆ ನಮ್ಮನೆಯವಳ ಹತ್ರ. ನಿಮಗೆ ಮೂರು ಸಲ ಹೇಳಿದ್ರಂತಲ್ಲ? ಮೂರು ಸಲವೂ ನೀವು ಪೇಪರ್ ತಿರುವಿ ಹಾಕಿದ್ರಂತೆ?"

ದೂರಪ್ಪನವರ ಕೈಯಲ್ಲಿದ್ದ ಕೊಡ ತುಂಬಿ ಹರಿದು ಕಾಲೆಲ್ಲ ಒದ್ದೆಯಾಯಿತು. ಮೂರು ಸಲ ಹೇಳಿದ್ದಾಳೆಯೇ? ಯಾವಾಗ? ಒಳಗೆ ಹೋಗಿ ನೋಡಿದರೆ ಮಂಚದ ಮೇಲೆ ನಿಜವಾಗಿಯೂ ಚೀಲ ಇತ್ತು, ಚೀಲದೊಳಗೆ ಸೀರೆಗಳಿದ್ದವು. ಹೆಂಡತಿ ಅವರನ್ನು ಒಂದು ಸಲ ನೋಡಿ ಮುಖ ತಿರುಗಿಸಿಕೊಂಡರು. "ಹೋಗಬೇಡ" ಅನ್ನುವುದು ಬಹಳ ಸುಲಭದ ಮಾತು. ಆದರೆ ಸುಲಭದ ಮಾತೇ ಅವರ ಬಾಯಿಗೆ ಬರುತ್ತಿರಲಿಲ್ಲ. ಈ ಮನೆಯಲ್ಲಿ ಇವಳಿಲ್ಲದೆ ನಾನು ಏನು ಮಾಡಲಿ ಅನ್ನುವ ಹೆದರಿಕೆಯಲ್ಲಿ ಅವರು ಅವತ್ತು ಕಚೇರಿಗೆ ಎರಡು ಬೇರೆಬೇರೆ ಚಪ್ಪಲಿ ಹಾಕಿಕೊಂಡು ಹೋದರು.

ಮೇಜಿನ ಮುಂದೆ ಕೂತು ಯೋಚಿಸಿದ ಮೇಲೆ ದೋಣಿಯ ಹಾಡು ನೆನಪಿಗೆ ಬಂತು. ಮದುವೆಯಾದ ಹೊಸದರಲ್ಲಿ ರೇಡಿಯೋದಲ್ಲಿ ಮೇಲಿಂದ ಮೇಲೆ ಬರುತ್ತಿದ್ದ ಹಳೆಯ ಯುಗಳಗೀತೆ. ದೋಣಿಯವನು, "ಆಚೆ ದಡಕೆ ಬರುವೆಯೇನೇ?" ಎಂದು ಕೇಳುತ್ತಾನೆ, ಹುಡುಗಿ, "ನಡುವೆ ಕೈಯ ಬಿಡುವೆಯೇನೋ?" ಎಂದು ತಿರುಗಿ ಕೇಳುತ್ತಾಳೆ. ಹೀಗೇ ಪ್ರಶ್ನೆಗೆ ಪ್ರಶ್ನೆ, ಪ್ರಶ್ನೆಗೆ ಪ್ರಶ್ನೆ. ಆ ಹಾಡು ಬಂದರೆ ಹೊಸ ಹೆಂಡತಿ ಮಾಡುತ್ತಿದ್ದ ಕೆಲಸ ಬಿಟ್ಟು ಬಂದು ರೇಡಿಯೋ ಮುಂದೆ ಕೂರುತ್ತಿದ್ದರು. ಆ ಹಾಡು ತಂದು ಅವಳ ಕೈಗಿಟ್ಟರೆ ಮನಸ್ಸು ಕರಗದೇ ಇರುತ್ತದೆಯೇ? ಸಂಜೆ ನೇರವಾಗಿ ಹಾಡು ತುಂಬಿಸುವ ಅಂಗಡಿಗೆ ಹೋದರು.

ಅಂಗಡಿಯವನು ಕುಳ್ಳಗಿನ, ಗುಂಡಗಿನ, ಬಹಳ ಸಮಾಧಾನದ ಮನುಷ್ಯ. ಹೊಚ್ಚ ಹೊಸ ಪ್ಲೇಯರ್ ತೆಗೆದು, ಕಂಪ್ಯೂಟರಿಗೆ ಸಿಕ್ಕಿಸಿ, ದೋಣಿಯ ಹಾಡನ್ನೇ ಮೊದಲು ಹಾಕಿ, ಅದರ ಹಿಂದೆ ಇನ್ನಷ್ಟು ಹಳೆಯ ಹಾಡು ಸುರಿದು ಕೊಟ್ಟ. ವೈರಿನ ತುದಿಯಲ್ಲಿ ಬರೆದಿದ್ದ ಸಣ್ಣ ಅಕ್ಷರ ತೋರಿಸಿ, "ಇದು ಎಡಗಿವಿ, ಇದು ಬಲಗಿವಿ ಸಾರ್, ಮರೀಬೇಡಿ" ಎಂದ.

ದೂರಪ್ಪನವರು ಕಟ್ಟಾ ನಿಯಮಪಾಲಕರು. ಎಡದ್ದನ್ನು ಎಡಕ್ಕೆ, ಬಲದ್ದನ್ನು ಬಲಕ್ಕೆ ಇಟ್ಟುಕೊಂಡು ಬೀದಿಗಿಳಿದರು. ಪಿಟೀಲು ಶುರುವಾಯಿತು. ಆಹಾ! ದೋಣಿಯವನು, "ಆಚೆ ದಡಕೆ ಬರುವೆಯೇನೇ?" ಅಂದ. ದೂರಪ್ಪನವರ ಕಣ್ಣು ತುಂಬಿ ಬಂತು. ಈಗ ಹುಡುಗಿ ಹಾಡಬೇಕು. ಹಾಡಲಿಲ್ಲ. ಸುಮ್ಮನೆ ಪಿಟೀಲು. ದೋಣಿಯವನು ಇನ್ನೊಂದು ಪ್ರಶ್ನೆ ಕೇಳಿದ. ಹುಡುಗಿಯದು ತುಟಿಪಿಟಕ್ ಇಲ್ಲ. ಮೂರನೆಯ ಚರಣಕ್ಕೆ ಬರುವಷ್ಟರಲ್ಲಿ ಆ ದೋಣಿಯವನ ಪಾಡು ನೋಡಲಾಗದೆ ದೂರಪ್ಪನವರು ನಡುರಸ್ತೆಯಲ್ಲಿ ನಿಂತುಬಿಟ್ಟರು. ಹಿಂದೆ ಬರುತ್ತಿದ್ದ ಸೈಕಲ್ಲಿನವನು ಬಲಗಡೆಯಿಂದ ಬೆಲ್ಲು ಹೊಡೆದು ಹೊಡೆದು ಸಾಕಾಗಿ, ಇಳಿದು, ಬೈದು, ತಳ್ಳಿಕೊಂಡು ಹೋದ.

ಮರಳಿ ಅಂಗಡಿಗೆ.

"ಹೆಂಗಸು ಬಿಟ್ಟುಹೋಗಿದ್ದಾಳೆ ಸ್ವಾಮಿ."

ಅಂಗಡಿಯವನು ಗಾಬರಿಯಿಂದ, "ಯಾವಾಗ ಸಾರ್? ಪೊಲೀಸಿಗೆ ಹೇಳಿದ್ರಾ?" ಅಂದ.

"ಹಾಡಲ್ಲಿ ಸ್ವಾಮಿ, ಹಾಡಲ್ಲಿ!"

ಅಂಗಡಿಯವನು ಉಸಿರು ಬಿಟ್ಟು, ತಾನು ಕಿವಿಗೆ ಹಾಕಿಕೊಂಡು ಪೂರ್ತಿ ಕೇಳಿ, "ಇದ್ದಾರಲ್ಲ ಸಾರ್. ಇಬ್ಬರೂ ಚೆನ್ನಾಗಿ ಹಾಡ್ತಿದ್ದಾರೆ" ಎಂದ. ದೂರಪ್ಪನವರು ಹಾಕಿಕೊಂಡರು. ಇಲ್ಲ. ಅಂಗಡಿಯವನು ಹಾಕಿಕೊಂಡ. ಇದ್ದಾಳೆ. ಹೀಗೆ ಆ ಪ್ಲೇಯರ್ ಗಲ್ಲಾಪೆಟ್ಟಿಗೆಯ ಆಚೆಗೂ ಈಚೆಗೂ ಓಡಾಡಿತು. ಕೊನೆಗೆ ಅಂಗಡಿಯವನು ಇವರಿಗೆ ಹಾಕಿಕೊಳ್ಳುವುದಕ್ಕೇ ಬರುವುದಿಲ್ಲವೆಂದು ತೀರ್ಮಾನಿಸಿ, ಎದುರಿಗೆ ನಿಂತು, ತನ್ನ ಬಲಗೈಯಲ್ಲಿದ್ದ ಬಲಗಿವಿಯದನ್ನು ನೇರವಾಗಿ ಮುಂದೆ ಚಾಚಿ ಸಿಕ್ಕಿಸಿದ. ಎದುರಿಗೆ ನಿಂತವನ ಬಲಗೈ ಮುಂದಿನವನ ಯಾವ ಕಿವಿಗೆ ಹೋಗುತ್ತದೆ ಎಂದು ನೀವೇ ಲೆಕ್ಕ ಹಾಕಿ.

"ಬಂದಳು!" ದೂರಪ್ಪನವರು ಕುಣಿದೇ ಬಿಟ್ಟರು. "ಬಂದಳು ಸ್ವಾಮಿ! ಏನು ಕಂಠ, ಏನು ಕಂಠ... ತಾಳಿ. ತಾಳಿ ತಾಳಿ. ಗಂಡಸೆಲ್ಲಿ?"

"ಅಲ್ಲೇ ಇರ್ಬೇಕು ನೋಡಿ ಸಾರ್."

"ಇಲ್ಲ. ಇವಳು ಬಂದ ತಕ್ಷಣ ಅವನು ಎದ್ದು ಹೋಗಿದ್ದಾನೆ."

ಅಂಗಡಿಯವನ ಸಮಾಧಾನ ಅಲ್ಲಿಗೆ ಮುಗಿಯಿತು. ಅವನು ಎರಡೂ ಕೈ ಜೋಡಿಸಿ, "ಸಾರ್, ನಾನು ಇಬ್ಬರನ್ನೂ ಒಟ್ಟಿಗೇ ಕಳಿಸಿದ್ದೀನಿ. ದಾರೀಲಿ ಏನು ಜಗಳ ಆಡ್ಕೊಂಡ್ರೋ ನಂಗೊತ್ತಿಲ್ಲ. ಮನೆಗೆ ಹೋಗಿ ಇನ್ನೊಂದ್ಸಲ ನೋಡಿ. ಸರಿ ಹೋಗ್ಲಿಲ್ಲ ಅಂದ್ರೆ ಫೋನ್ ಮಾಡಿ, ಬೇರೆ ಕೊಡ್ತೀನಿ" ಎಂದು ಶಟರ್ ಎಳೆದ.

ಮನೆಯಲ್ಲಿ ಮತ್ತೆ ನಿಯಮದ ಪ್ರಕಾರ ಎಡದ್ದನ್ನು ಎಡಕ್ಕೆ, ಬಲದ್ದನ್ನು ಬಲಕ್ಕೆ ಹಾಕಿಕೊಂಡರು. ಹುಡುಗಿ ಮತ್ತೆ ಮಾಯ. ಉತ್ತರವೇ ಕೊಡದ ಹುಡುಗಿಯ ಹಾಡನ್ನು ಹೊರಟು ನಿಂತ ಹೆಂಡತಿಯ ಕೈಗೆ ಕೊಡುವುದು ಹೇಗೆ? ಚುಚ್ಚಿ ಮಾತಾಡಿದ ಹಾಗಾಗುವುದಿಲ್ಲವೇ? ಪ್ಲೇಯರನ್ನು ಅಂಗಿಯ ಜೇಬಿನಲ್ಲಿ ಬಚ್ಚಿಟ್ಟುಕೊಂಡು ನಲ್ಲಿಯ ಹತ್ತಿರ ಹೋಗಿ ನಿಂತರು. ಮೇಷ್ಟ್ರು ಗೋಡೆಯ ಮೇಲೆ ಗಲ್ಲವಿಟ್ಟು ಕಾಯುತ್ತಲೇ ಇದ್ದರು.

"ಏನಾಯ್ತು? ಮಾತಾಡಿದ್ರಾ?"

ದೂರಪ್ಪನವರ ತಲೆಯಲ್ಲಿ ಹಾಡು ಬಿಟ್ಟರೆ ಬೇರೇನೂ ಇರಲಿಲ್ಲ. "ಏನು ಹೇಳಲಿ ಮೇಷ್ಟ್ರೇ, ಆಚೆ ದಡಕ್ಕೆ ಬರ್ತೀಯಾ ಬರ್ತೀಯಾ ಅಂತ ಕೇಳಿದ್ದೇ ಬಂತು. ಅವಳು ಬಾಯೇ ಬಿಡಲ್ಲ. ಕೊನೆಗೆ ಒಬ್ಬನೇ ಹೊರಟುಹೋಗೋದೇ."

ಮೇಷ್ಟ್ರಿಗೆ ಮೈ ಝುಂ ಎಂದಿತು. ಆಚೆ ದಡ! ಒಬ್ಬನೇ! "ದೂರಪ್ಪನೋರೇ, ದುಡುಕಬೇಡಿ. ಈಚೆ ದಡದಲ್ಲೇ ಎಷ್ಟೋ ಒಳ್ಳೆಯದಿದೆ," ಎಂದು ಗದ್ಗದಿತರಾಗಿ ಹೇಳಿ, ಅವತ್ತಿನಿಂದ ದೂರಪ್ಪನವರು ನೀರಿನ ತೊಟ್ಟಿಯ ಹತ್ತಿರ ಸುಳಿದಾಗಲೆಲ್ಲ ಕೆಮ್ಮಿ ಕೆಮ್ಮಿ ಎಚ್ಚರಿಸತೊಡಗಿದರು. ಮೇಷ್ಟ್ರಿಗೆ ನಾಯಿಕೆಮ್ಮು ಬಂದಿರಬೇಕು ಎಂದು ದೂರಪ್ಪನವರು ಮರುಗಿದರು.

ಮರುದಿನ ಕಚೇರಿಯ ಫೋನಿನಿಂದ ಅಂಗಡಿಗೆ ಕರೆ ಹೋಯಿತು. ಫೋನು ಎಡಗಿವಿಯಲ್ಲಿ. ಬಲಗಡೆ ಬಾಗಿಲಲ್ಲಿ ಸಾಹೇಬರು ಒಂದು ಕಡತ ಹಿಡಿದು ಬಂದು ನಿಂತದ್ದು ದೂರಪ್ಪನವರಿಗೆ ಹೇಗೆ ಗೊತ್ತಾಗಬೇಕು?

"ನಾನು ಸ್ವಾಮಿ, ನಿನ್ನೆ ಬಂದಿದ್ದೆನಲ್ಲ... ಇಲ್ಲ, ಮನೇಲೂ ಅದೇ ಹಣೆಬರಹ. ಗಂಡಸು ಒಬ್ಬನೇ ಬಡ್ಕೋತಾನೆ, ಹೆಂಗಸು ಒಂದು ಸೊಲ್ಲು ಎತ್ತಲ್ಲ... ನೋಡಿದೆ, ಎಲ್ಲಾ ಮಾಡಿ ನೋಡಿದೆ. ಬೆನ್ನು ತಟ್ಟಿ ನೋಡಿದೆ. ತಲೆಕೆಳಗು ಮಾಡಿ ಅಲ್ಲಾಡಿಸಿಯೂ ನೋಡಿದೆ... ಅದಕ್ಕೇ ಹೇಳಿದ್ದು, ಇದನ್ನ ವಾಪಸ್ ತಗೊಂಡು ಬೇರೆ ಕೊಟ್ಬಿಡಿ. ಗ್ಯಾರಂಟಿ ಇದೆ ಅಂದಿದ್ರಲ್ಲ?... ಬಣ್ಣ ಹೇಗಿದ್ರೂ ನಡೆಯುತ್ತೆ ಸ್ವಾಮಿ, ಕಂಠ ಚೆನ್ನಾಗಿದ್ರೆ ಸಾಕು... ಭಾನುವಾರದೊಳಗೆ ಆಗ್ಬೇಕು. ಭಾನುವಾರ ನಮ್ಮನೆಯವಳು ಹೊರಟುಬಿಡ್ತಾಳೆ."

ಸಾಹೇಬರ ಕೈಯಲ್ಲಿದ್ದ ಕಡತ ನೆಲಕ್ಕೆ ಬಿತ್ತು. ಇದೆಂಥ ಘೋರ! ಹಳೆಯವಳು ಹೊರಡುವ ಮುಂಚೆಯೇ ಹೊಸಬಳು! ಅದೂ ಗ್ಯಾರಂಟಿಯ ಮೇಲೆ! ಸಾಹೇಬರು ಬಾಗಿಲು ಹಿಡಿದುಕೊಂಡು, ಗಂಡ ಹೆಂಡಿರ ಬಾಂಧವ್ಯ ಎಂದರೇನು, ಒಂದು ಹೆಣ್ಣಿನ ಕಣ್ಣೀರಿನ ಬೆಲೆ ಏನು ಎಂದು ಮನ ಕರಗುವಂಥ ಒಂದು ಭಾಷಣ ಮಾಡಿದರು. ಮಾಡುತ್ತಾ ಮಾಡುತ್ತಾ ಅವರೇ ಕರ್ಚೀಫು ಹುಡುಕಿಕೊಳ್ಳಬೇಕಾಯಿತು. ದೂರಪ್ಪನವರು ಫೋನು ಇಟ್ಟು, ಕನ್ನಡಕ ಒರೆಸಿ, ಎದ್ದು ಕಾಫಿ ಕುಡಿಯಲು ಹೊರಟುಹೋದರು.

"ಕಲ್ಲು ಕಣ್ರೀ, ಕಲ್ಲು!" ಎಂದರು ಸಾಹೇಬರು ಖಾಲಿ ಕುರ್ಚಿಗೆ. ಭಾನುವಾರ ಖುದ್ದಾಗಿ ಮನೆಗೇ ಹೋಗಿ ಆ ಹೆಣ್ಣುಮಗಳಿಗೆ ನ್ಯಾಯ ಕೊಡಿಸದಿದ್ದರೆ ತಾನು ಅಧಿಕಾರಿಯೇ ಅಲ್ಲ ಎಂದು ತೀರ್ಮಾನಿಸಿದರು.

ಭಾನುವಾರ ಬಂತು. ಅಂಗಡಿಯವನು ಹೊಸ ಪ್ಲೇಯರ್ ಕೊಟ್ಟಿದ್ದ. ಅದರಲ್ಲೂ ಹುಡುಗಿ ಇರಲಿಲ್ಲ. ಹೆಂಡತಿ ಸೀರೆಯುಟ್ಟು, ಚೀಲ ಬಾಗಿಲ ಬಳಿ ಇಟ್ಟು, ಮಧ್ಯಾಹ್ನದ ಬಸ್ಸಿಗೆ ತಯಾರಾಗಿ ಕೂತಿದ್ದರು. ದೂರಪ್ಪನವರು ಜೇಬಿನ ಮೇಲೆ ಕೈಯಿಟ್ಟುಕೊಂಡು, ಬೆಕ್ಕಿನ ಮರಿಯನ್ನು ಬಚ್ಚಿಟ್ಟುಕೊಂಡ ಮಗುವಿನ ಹಾಗೆ ಕುರ್ಚಿಯಲ್ಲಿ ಮುದುರಿದ್ದರು. ಅಷ್ಟರಲ್ಲಿ ಗೇಟು ಸದ್ದಾಯಿತು. ಸಾಹೇಬರು ಒಳಗೆ ಬಂದರು. ಸಾಹೇಬರನ್ನು ಡಾಕ್ಟರೆಂದು ತಿಳಿದ ಮೇಷ್ಟ್ರು, ದೂರಪ್ಪನವರಿಗೆ ಏನೋ ಆಯಿತೆಂದು ಹಿಂದೆಯೇ ಓಡಿ ಬಂದರು.

"ಅಮ್ಮಾ," ಸಾಹೇಬರು ಕೂರುವ ಮುಂಚೆಯೇ ಶುರುಮಾಡಿದರು, "ನೀವು ಈ ಮನೆ ಬಿಟ್ಟು ಕದಲಬಾರದು. ನೀವು ಹೊರಟ ತಕ್ಷಣ ಇವರು ಬೇರೆ ತರ್ತಾರೆ. ನಾನೇ ಕಿವಿಯಾರೆ ಕೇಳಿದ್ದೀನಿ."

"ಏನು ತರ್ತಾರೆ?"

"ಬೇರೆಯವಳನ್ನ! ಬಣ್ಣ ಹೇಗಿದ್ರೂ ಪರವಾಗಿಲ್ಲವಂತೆ."

"ಛೆ ಛೆ, ಅದೆಲ್ಲಾ ಇಲ್ಲ," ಎಂದರು ಮೇಷ್ಟ್ರು. "ಇವರು ತರೋರಲ್ಲ, ಹೋಗೋರು. ಆಚೆ ದಡಕ್ಕೆ! ನಾನು ಹಗಲು ರಾತ್ರಿ ಕೆಮ್ಮಿ ಕೆಮ್ಮಿ ಉಳಿಸಿಕೊಂಡಿದ್ದೀನಿ."

ಹೆಂಡತಿ ಎದ್ದು ನಿಂತರು. ಮುಖ ಕೆಂಪಾಗಿತ್ತೋ ಬಿಳಿಚಿತ್ತೋ ಹೇಳುವುದು ಕಷ್ಟ. ನೇರ ಗಂಡನ ಮುಂದೆ ಬಂದು, "ಏನ್ರೀ ಇದೆಲ್ಲಾ?" ಎಂದರು.

ಎದುರಿಗೆ ನಿಂತು ಕೇಳಿದ್ದರ ಫಲ, ಇದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ದೂರಪ್ಪನವರು ಜೇಬಿನಿಂದ ಪ್ಲೇಯರ್ ತೆಗೆದು ತೋರಿಸಿದರು. "ನಿನಗೇ ಅಂತ ತಂದೆ ಕಣೇ. ದೋಣಿ ಹಾಡಿದೆ. ಇದನ್ನ ಕೇಳಿದ್ರೆ ನೀನು ಹೋಗಲ್ಲ ಅಂದ್ಕೊಂಡೆ. ಆದರೆ ಈ ದರಿದ್ರದ್ದು ಹೆಣ್ಣುದನೀನ ನುಂಗಿಹಾಕುತ್ತೆ. ಹಾಳಾದ ಪ್ಲೇಯರ್, ಹಾಳಾದ ಅಂಗಡಿ!" ಎಂದವರೇ, ಯಾರೂ ಎದುರುನೋಡದ ಹಾಗೆ, ಸಣ್ಣ ಹುಡುಗನಂತೆ ಬಿಕ್ಕಿಬಿಟ್ಟರು. "ಹೋಗಬೇಡ ಕಣೇ."

ಸಾಹೇಬರು ಬಾಗಿಲಾಚೆ ಬಿಟ್ಟಿದ್ದ ತಮ್ಮ ಚಪ್ಪಲಿಯ ಕಡೆ ನೋಡಿದರು. ಹೆಂಡತಿ ನಿಧಾನವಾಗಿ ಕುರ್ಚಿಯ ಪಕ್ಕಕ್ಕೆ ಒಂದು ಸ್ಟೂಲು ಎಳೆದುಕೊಂಡು, ಎಂದಿನ ಹಾಗೆ ಬಲಗಡೆಗೆ ಕೂತರು. "ಕೊಡಿ ಇಲ್ಲಿ, ನೋಡೋಣ," ಎಂದು ತಮ್ಮ ಕಡೆಗೆ ನೇತಾಡುತ್ತಿದ್ದ ತುದಿಯನ್ನು ತಾವು ಸಿಕ್ಕಿಸಿಕೊಂಡು, ಇನ್ನೊಂದನ್ನು ಗಂಡನ ಎಡಗಿವಿಗೆ ಬಿಟ್ಟರು. ಹಾಡು ಶುರುವಾಯಿತು. ಇಬ್ಬರೂ ಮುಗಿಯುವವರೆಗೆ ಅಲುಗಾಡಲಿಲ್ಲ.

"ಎಷ್ಟು ಚೆನ್ನಾಗಿ ಹಾಡಿದ್ದಾಳೆ!" ಎಂದರು ಹೆಂಡತಿ ಕಣ್ಣೊರೆಸಿಕೊಂಡು, ಗಂಡನ ಮುಖವನ್ನು ತಮ್ಮ ಕಡೆ ತಿರುಗಿಸಿ. "ಆದರೆ ಗಂಡಸೇ ಇಲ್ಲವಲ್ರೀ."

"ಏನೇ ನೀನು! ಬರೀ ಗಂಡಸೇ ಹಾಡಿದ್ದು. ಅವಳು ಉಸಿರೇ ಎತ್ತಲಿಲ್ಲ."

"ನನ್ನ ಕಿವೀಲಿ ಹಾಡಿದ್ದು ಮತ್ತೆ ಯಾರು, ನಿಮ್ಮ ಸಾಹೇಬರಾ?"

ಸಾಹೇಬರು ಅಧಿಕಾರವಾಣಿಯಿಂದ ಪ್ಲೇಯರ್ ವಶಪಡಿಸಿಕೊಂಡು ಎರಡೂ ಕಿವಿಗೆ ಹಾಕಿ ಕೇಳಿ, "ಇಬ್ಬರೂ ಇದ್ದಾರೆ. ಗಂಡಸು ಎಡಕ್ಕೆ, ಹೆಂಗಸು ಬಲಕ್ಕೆ ನಿಂತು ಹಾಡಿದ ಹಾಗಿದೆ" ಎಂದು ತೀರ್ಪು ಕೊಟ್ಟರು. ಮೇಷ್ಟ್ರು ಕೇಳಿ, "ಇಬ್ಬರೂ ಇದ್ದಾರೆ, ಉಚ್ಚಾರಣೆಯೂ ಶುದ್ಧವಾಗಿದೆ" ಎಂದು ಅನುಮೋದಿಸಿದರು. ಹೆಂಡತಿಗೂ ಎರಡು ಕಿವಿಗೆ ಇಬ್ಬರೂ ಸಿಕ್ಕರು. ದೂರಪ್ಪನವರಿಗೆ ಮಾತ್ರ ಒಬ್ಬನೇ.

ಹೆಂಡತಿ ಒಂದು ಕ್ಷಣ ಗಂಡನನ್ನು ನೆಟ್ಟ ನೋಟದಿಂದ ನೋಡಿದರು. ಆಮೇಲೆ ಅವರ ಎಡಗಿವಿಯದನ್ನು ಮೆಲ್ಲಗೆ ಕಿತ್ತರು. ಬಲದ್ದು ಹಾಗೇ ಇತ್ತು. "ಈಗ?"

"ಈಗ ಪೂರ್ತಿ ನಿಂತುಹೋಯ್ತು. ಬ್ಯಾಟರಿ ಹೋಯ್ತೇನೋ."

ನೀಲಿ ಕಿಟಕಿಯಲ್ಲಿ ಹಾಡಿನ ಹೆಸರು ಓಡುತ್ತಲೇ ಇತ್ತು. ಹೆಂಡತಿ ಸದ್ದು ಹೆಚ್ಚಿಸಿದರು. ಇನ್ನೂ ಹೆಚ್ಚಿಸಿದರು. ಆ ಬಲಗಿವಿಯೊಳಗಿಂದ ಹುಡುಗಿಯ ಹಾಡು ಸಣ್ಣಗೆ ಹೊರಗೆ ಸೋರಿ ನಡುಮನೆಗೆಲ್ಲ ಬಂತು. ಬಾಗಿಲಲ್ಲಿದ್ದ ಮೇಷ್ಟ್ರಿಗೂ ಕೇಳಿಸಿತು. ದೂರಪ್ಪನವರು ಕತ್ತು ಉದ್ದ ಮಾಡಿ, "ಮೇಷ್ಟ್ರೇ, ನಿಮ್ಮನೇಲಿ ರೇಡಿಯೋ ಹಾಕಿಟ್ಟು ಬಂದಿದ್ದೀರಾ?" ಎಂದು ಕೇಳಿದರು.

ಹೆಂಡತಿ ಆ ವೈರನ್ನೂ ತೆಗೆದು, ಒಂದು ಅಂಗೈಯಿಂದ ಗಂಡನ ಎಡಗಿವಿಯನ್ನು ಬಿಗಿಯಾಗಿ ಮುಚ್ಚಿ, ಬಲಗಿವಿಗೆ ಬಾಯಿಟ್ಟು, "ನಾನು ಹೊರಟೆ!" ಎಂದು ಕೂಗಿದರು. ಸಾಹೇಬರು ಬೆಚ್ಚಿಬಿದ್ದರು. ದೂರಪ್ಪನವರು ಅದೇ ತಣ್ಣನೆಯ ಮುಖ ಹೊತ್ತು, "ಎಲ್ಲರೂ ಯಾಕೆ ನನ್ನನ್ನೇ ನೋಡ್ತಿದ್ದೀರಿ?" ಎಂದರು.

ಜಾಣಕಿವುಡು ಜಾಣಕಿವುಡು ಎಂದು ಊರೆಲ್ಲ ಹೆಸರಾಗಿತ್ತಲ್ಲ, ಅದರಲ್ಲಿ ಜಾಣತನ ಎಳ್ಳಷ್ಟೂ ಇರಲಿಲ್ಲ. ಬರೀ ಕಿವುಡು. ಅದೂ ಅರ್ಧ. ಆ ಬಲಗಿವಿ ಯಾವ ಜ್ವರದಲ್ಲಿ ಹೋಯಿತೋ, ಯಾವ ವಯಸ್ಸಿನಲ್ಲಿ ಹೋಯಿತೋ, ಅಂತೂ ದೂರಪ್ಪನವರಿಗೆ ಹೇಳದೆ ಕೇಳದೆ ಹೋಗಿತ್ತು.

ಸಾಹೇಬರು ಮೊದಲು ಚೇತರಿಸಿಕೊಂಡರು. "ಹಾಗಾದ್ರೆ ದೂರಪ್ಪ, ನಾನು ಇಷ್ಟು ವರ್ಷ ನಿಮ್ಮನ್ನ ಬೈದಿದ್ದು?"

"ಯಾವಾಗ ಸಾರ್?" ಎಂದರು ದೂರಪ್ಪನವರು ಆಶ್ಚರ್ಯದಿಂದ.

ಸಾಹೇಬರು ಇನ್ನೇನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡರು. ಅವರ ಬಿಪಿಯೆಲ್ಲ ವ್ಯರ್ಥವಾಗಿತ್ತು. ಮೇಷ್ಟ್ರಿಗೂ ಮುಖ ಸಪ್ಪಗಾಗಿತ್ತು. ತಮ್ಮ ಮಾತಿನ ರುಚಿಗಲ್ಲ, ತಮ್ಮ ಕಾಂಪೌಂಡು ಎಡಗಡೆಗಿದ್ದ ಪುಣ್ಯಕ್ಕೆ ಒಬ್ಬ ಶ್ರೋತೃ ಸಿಕ್ಕಿದ್ದ ಎಂಬುದು ಅರ್ಥವಾಗಿ ಅವರೂ ಮೆಲ್ಲಗೆ ಕಾಲ್ತೆಗೆದರು.

ಉಳಿದವರು ಇಬ್ಬರೇ. ಹೆಂಡತಿಗೆ ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು. "ಅಯ್ಯೋ, ನಾನು ಇಷ್ಟು ವರ್ಷ ಏನೆಲ್ಲಾ ಅಂದ್ಕೊಂಡುಬಿಟ್ಟೆ ರೀ ನಿಮ್ಮನ್ನ," ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ದೂರಪ್ಪನವರಿಗೆ ಈ ಮಾತೂ ಅರ್ಧಂಬರ್ಧ ಕೇಳಿಸಿ, "ಏನಂದೆ?" ಎಂದರು. ಆಕೆ ಎದ್ದು, ಆ ಭಾರದ ಕುರ್ಚಿಯನ್ನು ಗಂಡನ ಸಮೇತ ಗೋಡೆಯಿಂದ ಈಚೆಗೆ ದರದರ ಎಳೆದು, ಸಿಕ್ಕ ಸಂದಿಯಲ್ಲಿ ಸ್ಟೂಲು ತೂರಿಸಿ, ಎಡಗಡೆಗೆ ಬಂದು ಕೂತರು.

"ಈಗ ಕೇಳಿಸ್ತಾ?"

"ಕೇಳಿಸ್ತು. ಇಷ್ಟು ದಿನ ಏನೇನು ಹೇಳಿದ್ದೆ? ಎಲ್ಲಾ ಹೇಳು."

"ಎಲ್ಲಾನಾ? ಎಲ್ಲಿಂದ ಹೇಳಲಿ?"

"ಮೊದಲಿಂದ ಹೇಳು."

ಹೆಂಡತಿ ಬಳೆ ತಿರುಗಿಸುತ್ತಾ ಮದುಮಗಳ ಹಾಗೆ ತಲೆ ತಗ್ಗಿಸಿ ಹೇಳಿದರು: "ಮದುವೆಯಾಗಿ ಬಂದ ವಾರ, ನೀವು ಪೇಪರ್ ಓದ್ತಿದ್ರಿ. ನಾನು ಆ ಬಾಗಿಲಲ್ಲಿ ನಿಂತು, ಕೆಲಸ ಮಾಡ್ತಾ ಮಾಡ್ತಾ ಹಾಡ್ಕೊಳ್ಳೋದು ನನಗೆ ಅಭ್ಯಾಸ, ಹಾಡಿದ್ರೆ ನಿಮಗೆ ಬೇಜಾರಿಲ್ಲ ತಾನೇ ಅಂತ ಕೇಳಿದೆ. ನೀವು ಏನೂ ಹೇಳ್ಲಿಲ್ಲ. ಇವರಿಗೆ ಇಷ್ಟ ಇಲ್ಲ ಅಂದ್ಕೊಂಡು ಅವತ್ತಿಂದ ಬಿಟ್ಟುಬಿಟ್ಟೆ."

ಒಂದು ಮನೆಯಲ್ಲಿ ಅಷ್ಟು ವರ್ಷ ಆಗಬೇಕಾಗಿದ್ದ ಹಾಡು! ದೂರಪ್ಪನವರು ಹೆಂಡತಿಯ ಕೈ ಹಿಡಿದುಕೊಂಡು, "ಹಾಡೇ," ಎಂದರು. "ಬೇಜಾರಿಲ್ಲ ಕಣೇ. ಹಾಡು. ಯಾವಾಗ ಬೇಕಾದ್ರೂ ಹಾಡು."

"ಈಗೆಲ್ಲಿದೆ ಗಂಟಲು?" ಎಂದರು ಆಕೆ. ಆದರೂ ಒಂದು ಸಾಲು ಹಾಡಿದರು. ದನಿ ಒಡೆದಿತ್ತು, ಶ್ರುತಿ ಎಲ್ಲೋ ಹೋಗಿತ್ತು. ದೂರಪ್ಪನವರು ಎಡಗಿವಿ ಒಡ್ಡಿಕೊಂಡು, ಮೈಯೆಲ್ಲಾ ಕಿವಿಯಾಗಿ ಕೇಳಿದರು. ಆಮೇಲೆ ಆಕೆ, "ಸರಿ, ಮುಂದಿಂದು ಕೇಳಿ" ಎಂದು ಶುರುಮಾಡಿದರು. ಒಂದೊಂದಾಗಿ ಬಂದವು: ಕೇಳಿದ ಪ್ರಶ್ನೆ, ಹೇಳಿದ ಸುದ್ದಿ, ಮಾಡಿದ ಜಗಳ. ಜಗಳಗಳಲ್ಲಿ ದೂರಪ್ಪನವರ ಪಾಲಿನದು ಬಾಕಿಯಿದ್ದುದರಿಂದ ಅಲ್ಲಲ್ಲಿ ನಿಲ್ಲಿಸಿ ಅದನ್ನೂ ಆಡಿ ಮುಗಿಸಬೇಕಾಯಿತು. ಬಸ್ಸಿನ ಹೊತ್ತು ಯಾವಾಗ ಮೀರಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಸಂಜೆ ಫೋನು ಹೊಡೆದುಕೊಂಡಿತು. ಹೆಂಡತಿಯ ಅಕ್ಕ. ಬಸ್ ಸ್ಟ್ಯಾಂಡಿನಲ್ಲಿ ಕಾದು ಕಾದು ಅವರಿಗೆ ರೇಗಿಹೋಗಿತ್ತು. "ಎಲ್ಲಿದ್ದೀಯೇ? ಎಷ್ಟು ಹೊತ್ತಿಗೆ ಬರ್ತೀಯಾ?"

"ಅಕ್ಕಾ, ಈಗ ಬರೋಕಾಗಲ್ಲ ಕಣೇ," ಎಂದರು ಹೆಂಡತಿ, ಗಂಡನ ಎಡಭುಜದ ಮೇಲೆ ಕೈಯೂರಿಕೊಂಡು. "ನಮ್ಮದಿನ್ನೂ ಮದುವೆಯಾಗಿ ಮೂರನೇ ವರ್ಷ ನಡೀತಿದೆ."